ಹಾಳೆಯ ಹಿಂಬದಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೈಲಹೊಂಗಲದ ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ದಾಖಲೆ ಕೋಣೆಯಲ್ಲಿ ದಿನಕ್ಕೆ ನಲವತ್ತು ಫೈಲು ಮುಗಿಸುವವಳು ಈ ಭಾಗೀರಥಿ ಒಬ್ಬಳೇ. ಡಾಕ್ಟರು ಬರೆದ ರೋಗಕ್ಕೆ, ಗಾಯಕ್ಕೆ ಸರಿಯಾದ ಕೋಡ್ ಹುಡುಕಿ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಆ ಕೋಡನ್ನೇ ಕಂಪ್ಯೂಟರು ಮಾತಿಗೆ ತಿರುಗಿಸಿ ಡಿಸ್ಚಾರ್ಜ್ ಚೀಟಿಯ ಮೇಲೆ ಅಚ್ಚು ಹಾಕುತ್ತದೆ. ರೋಗಿ ಅದನ್ನು ಹಿಡಿದುಕೊಂಡು ಊರಿಗೆ ಹೋಗುತ್ತಾಳೆ. ಅವಳ ಮುಖವನ್ನು ಮಾತ್ರ ನಾನು ನೋಡಿರುವುದಿಲ್ಲ.

ಮೊಣಕೈ ಸೀಳಿದ ಗಾಯಕ್ಕೆ ಎರಡು ಕೋಡ್ ಇವೆ. ಗಾಯದೊಳಗೆ ಗಾಜು, ಮುಳ್ಳು ಏನಾದರೂ ಉಳಿದಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಒಂದೇ ಅಂಕಿಯ ವ್ಯತ್ಯಾಸ. ಒಳಗೆ ಏನಾದರೂ ಉಳಿದಿದೆಯೇ ಎಂದು ಗುರುತು ಹಾಕಲು ಹಾಳೆಯಲ್ಲಿ ಒಂದು ಚೌಕವಿದೆ; ಡಾಕ್ಟರು ಅದನ್ನು ಖಾಲಿ ಬಿಟ್ಟರೆ ಅವರನ್ನೇ ಕೇಳಬೇಕು ಎಂಬುದು ನಿಯಮ. ಕೇಳಿದರೆ, "ಅಷ್ಟೂ ತಿಳಿಯೂದಿಲ್ಲೇನು?" ಎಂದು ಎಲ್ಲರ ಮುಂದೆ ಬೈಸಿಕೊಳ್ಳಬೇಕು. ಹೀಗಾಗಿ ನಮ್ಮ ಕೋಣೆಯಲ್ಲಿ ಒಂದು ರೂಢಿ ಬಿದ್ದಿತ್ತು: ಚೌಕ ಖಾಲಿ ಇದ್ದರೆ ಒಳಗೆ ಏನೂ ಇಲ್ಲ ಎಂದೇ ಅರ್ಥ. ಇನ್ನು ಹಾಳೆಗಳನ್ನು ದಾರದಿಂದ ಬಿಗಿದಿರುತ್ತಾರೆ, ಹಿಂಬದಿ ಓದಬೇಕೆಂದರೆ ಗಂಟು ಬಿಚ್ಚಬೇಕು. ನಲವತ್ತು ಗಂಟು ಯಾರು ಬಿಚ್ಚುತ್ತಾರೆ?

ಮುನವಳ್ಳಿಯ ಸೈದಾಬಿಯ ಫೈಲನ್ನೂ ಹಾಗೆಯೇ ಮುಗಿಸಿದೆ. ಐವತ್ತು ದಾಟಿದ ಬಳೆಗಾರ್ತಿ, ಬಸ್ಸಿಳಿಯುವಾಗ ಬಳೆ ಬುಟ್ಟಿಯ ಮೇಲೇ ಬಿದ್ದು ಬಲ ಮೊಣಕೈ ಸೀಳಿಕೊಂಡಿದ್ದಳು. ಗಾಜಿನ ಬಳೆ ಎಂಬ ಮಾತು ಮೊದಲ ಸಾಲಿನಲ್ಲೇ ಇತ್ತು. ಓದಿದೆ, ಆದರೆ ತಲೆಗೆ ಹೋಗಲಿಲ್ಲ. ಚೌಕ ಖಾಲಿಯಿತ್ತು, ನನಗೆ ಹಸಿವಾಗಿತ್ತು. "ಒಳಗೆ ಏನೂ ಇಲ್ಲ" ಎಂಬ ಕೋಡ್ ಒತ್ತಿ ಊಟದ ಡಬ್ಬಿ ಬಿಚ್ಚಿದೆ.

ಮೂರು ವಾರಕ್ಕೆ ಅದೇ ಹೆಸರಿನ ಹೊಸ ಫೈಲು ಬಂತು. ಮೊಣಕೈ ಕೀಲಿನ ಹತ್ತಿರ ಉಗುರಿನಷ್ಟು ಗಾಜಿನ ಚೂರು, ಸುತ್ತ ಕೀವು. ಆಪರೇಷನ್ ಮಾಡಿ ತೆಗೆದಿದ್ದರು. ಕೈ ಪೂರ್ತಿ ಮಡಚುವುದು ಅನುಮಾನ ಎಂದು ಡಾಕ್ಟರು ಬರೆದಿದ್ದರು. ಓಡಿಹೋಗಿ ಹಳೆಯ ಫೈಲು ತೆಗೆದು ಗಂಟು ಬಿಚ್ಚಿದೆ. ಹಿಂಬದಿಯಲ್ಲಿ ನರ್ಸ್ ಶೈಲಜಾಳ ದುಂಡು ಅಕ್ಷರ: "ಎರಡು ಚೂರು ತೆಗೆದಿದೆ. ಇನ್ನೊಂದು ಒಳಗಿರುವ ಹಾಗಿದೆ. ಎಕ್ಸ್‌ರೇ ಮಾಡಿಸಬೇಕು." ಊರಿನ ಡಾಕ್ಟರು ನನ್ನ ಚೀಟಿಯನ್ನು ನಂಬಿ ಮೂರು ವಾರ ಬರೀ ಪಟ್ಟಿ ಬದಲಿಸಿದ್ದರು ಎಂದು ಹೊಸ ಫೈಲಿನಲ್ಲೇ ಇತ್ತು.

ನಮ್ಮ ಕೋಣೆಯ ಹಿರಿಯರಾದ ನಿಜಗುಣಪ್ಪನವರು ಹಿಂದಿನಿಂದ ಬಗ್ಗಿ ನೋಡಿದರು.

"ಏ ಭಾಗೀರಥಿ, ಹಳೇದ್ಯಾಕ ಕೆದಕ್ತಿ? ಮತ್ತ ಬಿದ್ದಾಳ, ಹೊಸಾ ಗಾಯ ಅಂತ ಹಾಕಿ ಮುಗಸು. ನಿನ್ನ ನೌಕರಿನೂ ಉಳೀತೈತಿ."

"ಬಿದ್ದಾಳಂತ ಯಾರ ಹೇಳ್ಯಾರ್ರಿ?"

"ಆಕಿನ ಹೇಳಿದಂಗ ಆತಲ್ಲ. ಏನೋ ನಾನ ತಪ್ಪ ಮಾಡ್ಕೊಂಡಿರಬೇಕು ಅಂತ ಅಳಾಕ ಹತ್ಯಾಳ. ಇನ್ನೇನ ಬೇಕು ನಿನಗ?"

ಅವರ ಮೇಲೆ ಎಗರಬೇಕೆನ್ನಿಸಿತು. ಎಗರಲು ನನಗೆ ಯಾವ ಮುಖವಿತ್ತು? ಎದ್ದು ವಾರ್ಡಿಗೆ ನಡೆದೆ. ನಾಲ್ಕು ವರ್ಷದಲ್ಲಿ ಅದೇ ಮೊದಲ ಸಲ.

ಸೈದಾಬಿ ಬಲಗೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಆಫೀಸಿನವಳು ಎಂದು ಹೇಳಿ ಮಂಚದ ಅಂಚಿಗೆ ಕೂತೆ. ಅವಳು ಎಡಗೈಯಿಂದ ನನ್ನ ಕೈ ಹಿಡಿದು, ಬೆರಳಿನ ಗೆಣ್ಣುಗಳನ್ನು ಒತ್ತಿ ನೋಡಿದಳು.

"ಎರಡು-ನಾಕು," ಎಂದಳು.

"ಏನ್ರಿ?"

"ನಿಮ್ಮ ಬಳಿ ಸೈಜು. ಗೆಣ್ಣ ಬಿರುಸದಾವ, ಆದ್ರೂ ಏರ್ತಾವ." ಅತ್ತು ಕೆಂಪಾದ ಕಣ್ಣಲ್ಲೇ ನಕ್ಕಳು. "ಕಣ್ಣೀಲೆ ನೋಡಿ ಹೇಳಾವ್ರೂ ಅದಾರ. ನಾ ಮಾತ್ರ ಕೈ ಹಿಡೀಲಾರದ ಯಾರಿಗೂ ನಂಬರ ಹೇಳಂಗಿಲ್ರಿ ಅಕ್ಕಾರ. ಇನ್ನ ಆ ಮಾತು ಯಾಕ? ಮೊಣಕೈ ಮಡಚಲಾರದ ಬಳಿ ಇಡಸಾಕ ಬರೂದಿಲ್ಲ. ಪಟ್ಟಿ ಎಲ್ಲೆರೆ ತೋಯಿಸಿಬಿಟ್ನೋ ಏನೋ, ನನ್ನ ಕರ್ಮ."

ಅಯ್ಯೋ ಶಿವನೇ! ಇವಳ ಕೈ ಹಿಡಿಯದೆ, ಮುಖ ನೋಡದೆ ನಂಬರು ಹಾಕಿದವಳು ನಾನು. ಚೂರು ಮೊದಲ ದಿನದಿಂದಲೂ ಒಳಗೇ ಇತ್ತು, ಹಾಳೆಯ ಹಿಂದೆ ಬರೆದಿತ್ತು, ನಾನು ತಿರುವಿ ನೋಡಲಿಲ್ಲ ಎಂದೆ. "ತಪ್ಪು ನಂದು ಯವ್ವಾ, ನಿಂದಲ್ಲ."

ನನ್ನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು.

"ಮೂರ ವಾರ," ಎಂದಳು. "ದಿನಾ ಐದೂ ನಮಾಜದಾಗ ತಪ್ಪಾತು ತಪ್ಪಾತು ಅಂತ ಬೇಡ್ಕೊಂಡೇನಿ. ಸೊಸಿ ಬೈದ್ರೂ ತಲಿ ತಗ್ಗಿಸಿ ಕುಂತೇನಿ. ನಿಮ್ಮ ತಪ್ಪಿಗೆ ನಾ ಮಾಫಿ ಕೇಳೇನೇನ್ರಿ ಅಕ್ಕಾರ?"

ಅವಳು ಮೆಲ್ಲಗೆ ನನ್ನ ಕೈ ಬಿಟ್ಟಳು.

"ಅದನ್ನ ಕಾಗದದಾಗ ಬರದ ಕೊಡ್ರಿ. ಮನ್ಯಾಗ ತೋರಸ್ತೇನಿ."

ಕೋಣೆಗೆ ಬಂದು ಹಳೆಯ ಕೋಡ್ ತಿದ್ದಿದೆ. ಹೊಸ ಫೈಲಿನಲ್ಲಿ, ಇದು ಹೊಸ ಗಾಯವಲ್ಲ, ಗಾಜು ಮೊದಲ ದಿನದಿಂದಲೂ ಒಳಗಿತ್ತು, ಹಿಂಬದಿ ಓದದೆ ಕೋಡ್ ಹಾಕಿದವಳು ನಾನು ಎಂದು ಬರೆದು ಸಹಿ ಮಾಡಿದೆ. "ಹುಚ್ಚಿ, ನಾಳೆ ನಿನ್ನ ಯಾರೂ ಇಟ್ಕೊಳ್ಳಂಗಿಲ್ಲ," ಎಂದು ನಿಜಗುಣಪ್ಪನವರು ಹಣೆ ಚಚ್ಚಿಕೊಂಡರು. ಆ ಹೆದರಿಕೆ ನನಗೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಪ್ರತಿ ತೆಗೆದುಕೊಂಡು ಮತ್ತೆ ವಾರ್ಡಿಗೆ ಹೋದೆ. ಸೈದಾಬಿ ಅದನ್ನು ಎರಡು ಸಲ ಓದಿಸಿ ಕೇಳಿದಳು. ಮಡಚಿ ದಿಂಬಿನ ಕೆಳಗಿಟ್ಟಳು. ನಾನು ನನಗೇ ಗೊತ್ತಿಲ್ಲದಂತೆ ಕೈ ಮುಂದೆ ಚಾಚಿದ್ದೆ. ಅವಳು ಹಿಡಿಯಲಿಲ್ಲ.

"ಹೋಗ್ರಿ ಅಕ್ಕಾರ, ಇನ್ನೂ ಫೈಲ ಇರ್ತಾವಲ್ಲ," ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.