ಹೆಸರಿಲ್ಲದ ಮೂರನೇ ಗುಂಡಿ

ನಾನೊಂದು ಫೋನೋ ಸ್ಟೇಜ್. ನೋಡುವುದಕ್ಕೆ ಅಜ್ಜಿಯರ ಒಡವೆ ಪೆಟ್ಟಿಗೆಯಷ್ಟಿದ್ದೇನೆ. ತೂಕ ಮಾತ್ರ ಒರಳುಕಲ್ಲಿನದು. ಹಾಡಿನ ತಟ್ಟೆ ತಿರುಗಿಸುವ ಯಂತ್ರಕ್ಕೂ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರಿಗೂ ನಡುವೆ ನನ್ನ ಜಾಗ. ತಟ್ಟೆಯ ಗೆರೆಯಲ್ಲಿ ಓಡುವ ಸೂಜಿ ಮಾತಾಡುವುದೇ ಪಿಸುಮಾತಿನಲ್ಲಿ, ಇರುವೆ ತನ್ನ ಮಗಳಿಗೆ ಗುಟ್ಟು ಹೇಳಿದ ಹಾಗೆ. ಅದನ್ನು ಕೇಳಿಸಿಕೊಂಡು, ತಿದ್ದಿ, ಮುಂದಕ್ಕೆ ದಾಟಿಸುವುದು ನನ್ನ ಕೆಲಸ.

ನಾನು ಹುಟ್ಟಿದ್ದು ಮೈಸೂರಿನ ಒಂಟಿಕೊಪ್ಪಲಿನಲ್ಲಿ, ವಾದಿರಾಜರ ಮನೆಯ ಮಹಡಿಯ ಮೇಲೆ. ಅವರು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತರಾದವರು. ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಹೆಣ್ಣುಮಗುವಿನ ಕೂದಲು ಬಾಚುವ ಹಾಗೆ ಎಳೆಎಳೆಯಾಗಿ ಸುತ್ತಿದರು. ಎರಡು ಗಾಜಿನ ವಾಲ್ವುಗಳನ್ನು ಕೂರಿಸಿದರು. ಮೊದಲ ಸಲ ಕರೆಂಟು ಕೊಟ್ಟಾಗ ಅವು ನಿಧಾನವಾಗಿ ಕೆಂಪಗಾದವು, ದೇವರ ಮುಂದಿನ ದೀಪದ ಹಾಗೆ.

"ಮಗು ಹೊರೋದಕ್ಕಿಂತ ಹೆಚ್ಚು ತಿಂಗಳು ಹೊತ್ತಿರಿ. ಈಗಲಾದ್ರೂ ಅಳುತ್ತೇನು?" ಎಂದರು ಅವರ ಹೆಂಡತಿ.

"ಇದು ಅಳೋಕೆ ಹುಟ್ಟಿದ್ದಲ್ಲ ಕಣೇ. ಕೇಳಿಸ್ಕೊಳೋಕೆ."

ನನ್ನ ಮುಖದ ಮೇಲೆ ತಿರುಗಿಸುವ ಗುಂಡಿಗಳು ಮೂರು. ಮೊದಲನೆಯದು ಪಿಸುಮಾತನ್ನು ಎಷ್ಟು ಹೆಚ್ಚಿಸಬೇಕೆಂದು. ಎರಡನೆಯದು ಯಾವ ಬಗೆಯ ಸೂಜಿಯೆಂದು. ಅವುಗಳ ಕೆಳಗೆ ಅಕ್ಷರ ಕೆತ್ತಿದ್ದಾರೆ. ಮೂರನೆಯದಕ್ಕೆ ಕೆತ್ತುವ ಹೊತ್ತಿಗೆ ವಾದಿರಾಜರ ಕಣ್ಣಿಗೆ ಪೊರೆ ಬಂತು. "ಹುಡುಕೋರಿಗೆ ಸಿಗುತ್ತೆ ಬಿಡು" ಎಂದು ನನ್ನ ಬೆನ್ನು ತಟ್ಟಿ ಸುಮ್ಮನಾದರು.

ಅವರಿಂದ ನನ್ನನ್ನು ಕೊಂಡವರು ಒಬ್ಬ ಹಲ್ಲಿನ ಡಾಕ್ಟರು. ಅವರ ಕೋಣೆಯಲ್ಲಿ ನನ್ನಂಥವರು ಇನ್ನೂ ಐದು ಜನ. ಡಾಕ್ಟರು ಕೇಳುತ್ತಿದ್ದದ್ದು ಹಾಡನ್ನಲ್ಲ, ನಮ್ಮನ್ನು. ಒಂದು ಹಾಡಿನ ಮೊದಲ ಅರ್ಧ ನಿಮಿಷ ಹಾಕುವುದು, ತಂತಿ ಬಿಚ್ಚಿ ಇನ್ನೊಬ್ಬನಿಗೆ ಸಿಕ್ಕಿಸುವುದು, ಮತ್ತೆ ಅದೇ ಅರ್ಧ ನಿಮಿಷ. ಆ ಹಾಡು ಹೇಗೆ ಮುಗಿಯುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಳ್ಳೆಯವರೇ, ದಿನಾ ರೇಷ್ಮೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಮೂರನೇ ಗುಂಡಿಯನ್ನು ಮಾತ್ರ ಒಮ್ಮೆಯೂ ಮುಟ್ಟಲಿಲ್ಲ. ಆಮೇಲೊಂದು ದಿನ ಬೆಳ್ಳಿ ಬಣ್ಣದ ಹೊಸಬನೊಬ್ಬ ಬಂದ, ನಾನು ಹಾಡಿನ ಯಂತ್ರ ಮಾರುವ ಫಯಾಜ್ ಅವರ ಅಂಗಡಿಯ ಕಪಾಟು ಸೇರಿದೆ.

ಅಲ್ಲಿಗೆ ಒಂದು ಮಧ್ಯಾಹ್ನ ಸೇತುರಾಮಯ್ಯ ಬಂದರು. ಎಪ್ಪತ್ತೇಳು ವರ್ಷ. ಐವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಕಂಕುಳಲ್ಲಿ ಟವೆಲ್ಲು ಸುತ್ತಿದ ಒಂದು ತಟ್ಟೆ.

"ಇದರೊಳಗೆ ನಮ್ಮಕ್ಕ ಇದಾಳೆ, ಹದಿನೇಳು ವರ್ಷದೋಳು. ಯಾವ ಪೆಟ್ಟಿಗೇಲಿ ಅವಳ ಗಂಟಲು ಸರಿಯಾಗಿ ಕೇಳುತ್ತೋ ಆ ಪೆಟ್ಟಿಗೆ ಕೊಡಿ."

ಫಯಾಜ್ ಕುರ್ಚಿ ಎಳೆದು ಕೂರಿಸಿದರು. ಸೇತುರಾಮಯ್ಯ ಕಥೆ ಹೇಳಿದರು, ನಾನೂ ಕೇಳಿಸಿಕೊಂಡೆ.

ಆ ಕಾಲದ ದಸರಾ ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆ. ಮೈಕಿನ ಮುಂದೆ ಹಾಡಿದರೆ ಅಲ್ಲೇ ತಟ್ಟೆ ಕೊರೆದು ಕೈಗೆ ಕೊಡುತ್ತಿದ್ದರು. ಅಕ್ಕ ಕನಕಲಕ್ಷ್ಮಿ ಅಜ್ಜಿ ಕಲಿಸಿದ ಹಸೆಹಾಡನ್ನು ಹಾಡಿದಳು, ಮದುವೆಯಲ್ಲಿ ಹೆಣ್ಣುಗಂಡನ್ನು ಹಸೆಮಣೆಗೆ ಕರೆಯುವ ಹಾಡು. ಮಾವನ ಮನೆಯ ಹೊಸ ರೇಡಿಯೋಗ್ರಾಮಿನಲ್ಲಿ ಹಾಕಿದರೆ ದನಿ ಕಂಬಳಿ ಹೊದ್ದ ಹಾಗೆ ಮಂಕು. ಹತ್ತು ವರ್ಷದ ಸೇತು ಎಲ್ಲರ ಮುಂದೆ, "ಕನಕಕ್ಕ ಬಾಯ್ತುಂಬ ಅವಲಕ್ಕಿ ಇಟ್ಕೊಂಡು ಹಾಡಿದಾಳೆ" ಅಂದುಬಿಟ್ಟ. ಮನೆಯೆಲ್ಲ ನಕ್ಕಿತು. 'ಅವಲಕ್ಕಿ ಬಾಯಿ' ಎಂಬ ಹೆಸರು ಅಂಟಿತು. ಅಂದಿನಿಂದ ಅವಳು ಹಾಡಲಿಲ್ಲ. ತಮ್ಮನ ಮದುವೆಯಲ್ಲೂ ಆರತಿ ಎತ್ತಿದಳೇ ಹೊರತು ಬಾಯಿ ಬಿಡಲಿಲ್ಲ. ಒಂದೇ ಸಲ ಹಾಡಿದ ತಟ್ಟೆ ಟ್ರಂಕಿನ ತಳ ಸೇರಿತು.

"ಅವಳು ಅಡುಗೆಮನೇಲಿ ಹಾಡ್ತಿದ್ದಿದ್ದು ಇನ್ನೂ ನನ್ನ ಕಿವೀಲಿದೆ ಫಯಾಜ್. ಹಂಗಿರ್ಲಿಲ್ಲ ಅವಳ ದನಿ. ಈ ತಟ್ಟೆ ಏನೋ ಸುಳ್ಳು ಹೇಳ್ತಿದೆ. ಬರೋ ತಿಂಗಳು ನನ್ನ ಮೊಮ್ಮಗಳ ಮದುವೆ. ಅಕ್ಕ ಹಸೆಗೆ ಹಾಡ್ಬೇಕು. ಅವಳಿಗೂ ಎಂಬತ್ನಾಲ್ಕು, ಇನ್ಯಾವ ಮದುವೆಗೆ ಅಂತ ಕಾಯಲಿ?"

ಫಯಾಜ್ ಹಳೆಯ ತಟ್ಟೆಗೆ ಬೇಕಾದ ದಪ್ಪ ಸೂಜಿ ಸಿಕ್ಕಿಸಿದರು. ಮೊದಲು ವಿದೇಶದ ಬೆಳ್ಳಿ ಪೆಟ್ಟಿಗೆ. ಅವಲಕ್ಕಿ. ಆಮೇಲೆ ಕಪ್ಪನೆಯದು, ಅಂಗಡಿಯ ಹೆಮ್ಮೆ. ಅದೂ ಅವಲಕ್ಕಿ, ಹಾಲಿನಲ್ಲಿ ನೆನೆದದ್ದು. ಕೊನೆಗೆ ನನ್ನ ಸರದಿ. ನನಗೆ ಆ ಹುಡುಗಿಯ ಪಿಸುಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೆ ನನ್ನೊಳಗಿನ ದಾರಿ ಹೇಗಿತ್ತೋ ಹಾಗೆಯೇ ನಾನು ಕಳಿಸಬೇಕು. ಹೊರಗೆ ಬಂದದ್ದು ಮತ್ತದೇ ಮಂಕು.

ಸೇತುರಾಮಯ್ಯ ಟವೆಲ್ಲು ಎತ್ತಿಕೊಂಡರು. ಆಗ ಅವರ ಕಣ್ಣು ನನ್ನ ಮುಖದ ಮೇಲೆ ನಿಂತಿತು.

"ಈ ಮೂರನೇದು ಏನು?"

"ಗೊತ್ತಿಲ್ಲ ಸಾರ್. ಏನೂ ಬರ್ದಿಲ್ಲ. ಅಂದಕ್ಕೆ ಇರ್ಬೇಕು."

"ಗಡಿಯಾರದೊಳಗೆ ಅಂದಕ್ಕೆ ಅಂತ ಯಾವ ಚಕ್ರಾನೂ ಇರಲ್ಲಪ್ಪ. ತಿರುಗೋದು ಅಂದ್ರೆ ಏನಾದ್ರೂ ಮಾಡ್ಲೇಬೇಕು."

ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. ಟಕ್ ಎಂದಿತು.

ಈಗ ನನ್ನ ಗುಟ್ಟು ಹೇಳುತ್ತೇನೆ. ತಟ್ಟೆ ಕೊರೆಯುವವರು ಹೊಸ ಪದ್ಧತಿಯಲ್ಲಿ ಸಣ್ಣ, ಚೂಪು ಸ್ವರಗಳನ್ನು ಬೇಕೆಂದೇ ಎತ್ತಿ ಕೊರೆಯುತ್ತಾರೆ, ಸೂಜಿಯ ಸರಸರ ಸದ್ದಿನಲ್ಲಿ ಅವು ಮುಳುಗದಿರಲೆಂದು. ಕೇಳಿಸುವಾಗ ನಮ್ಮಂಥವರು ಅಷ್ಟನ್ನೇ ತಗ್ಗಿಸುತ್ತೇವೆ. ಆ ಮಳಿಗೆಯವರದು ಹಳೆಯ ಪದ್ಧತಿ, ಎತ್ತಿಯೇ ಇರಲಿಲ್ಲ. ಎತ್ತದ ದನಿಯನ್ನು ಅಂದು ರೇಡಿಯೋಗ್ರಾಮು ತಗ್ಗಿಸಿತ್ತು, ಇಂದು ನಾವೆಲ್ಲ ತಗ್ಗಿಸುತ್ತಿದ್ದೆವು. ಆ ಗುಂಡಿ ಇದ್ದದ್ದು ತಗ್ಗಿಸುವುದನ್ನು ನಿಲ್ಲಿಸುವುದಕ್ಕೆ.

ಕಂಬಳಿ ಸರಿಯಿತು. ಅಂಗಡಿಯ ನಡುವೆ ಹದಿನೇಳು ವರ್ಷದ ಹುಡುಗಿಯೊಬ್ಬಳು ನಿಂತು ಹಾಡಿದಳು, ಬಳೆಯ ಸದ್ದಿನ ಸಮೇತ. ಸೇತುರಾಮಯ್ಯ ಎರಡು ಸಾಲು ಕೇಳಿ ತಾವೇ ಸೂಜಿ ಎತ್ತಿಬಿಟ್ಟರು.

"ಮಿಕ್ಕಿದ್ದು ಮೊದಲು ಅವಳು ಕೇಳ್ಲಿ."

ಹೀಗೆ ನಾನು ಅವರ ಮನೆಗೆ ಹೋದೆ. ಕನಕಲಕ್ಷ್ಮಿಯವರು ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಆ ತಟ್ಟೆ ಇನ್ನೂ ಎಸ್ದಿಲ್ವೇನೋ" ಎಂದರು, ತಲೆ ಎತ್ತದೆ. ಸೇತುರಾಮಯ್ಯ ನನಗೆ ಕರೆಂಟು ಕೊಟ್ಟರು. ನನ್ನ ದೀಪಗಳು ಕೆಂಪಗಾಗುವವರೆಗೆ ಕಾದು ಸೂಜಿ ಇಳಿಸಿದರು. ಜನ್ಮದಲ್ಲಿ ನಾನು ಅಷ್ಟು ಹುಷಾರಾಗಿ ಇನ್ಯಾವತ್ತೂ ಕೆಲಸ ಮಾಡಿಲ್ಲ.

ಮೊದಲ ಸಾಲಿಗೆ ಕನಕಲಕ್ಷ್ಮಿಯವರ ಕೈ ನಿಂತಿತು. ಬೆರಳಿನ ನಡುವೆ ಒಂದು ಕಾಯಿ, ಅರ್ಧ ಬಿರಿದದ್ದು. ಹಾಡು ಮುಗಿಯುವವರೆಗೂ ಹಾಗೇ ಇದ್ದರು.

"ಅವಲಕ್ಕಿ ಬಾಯಿ ಅಂದಿದ್ದು ನಾನು ಕಣೇ ಅಕ್ಕ."

"ಗೊತ್ತು. ಇನ್ನೊಂದ್ಸಲ ಹಾಕು."

ಹಾಕಿದರು. ಅಕ್ಕ ಕತ್ತು ವಾರೆ ಮಾಡಿ ಆಲಿಸಿದರು.

"ಅಲ್ಲಿ, ಎರಡನೇ ಸಾಲಿನ ಕೊನೇಲಿ ಶ್ರುತಿ ಜಾರಿದೀನಿ."

"ನಂಗೇನೂ ಗೊತ್ತಾಗ್ಲಿಲ್ಲ."

"ನಿಂಗೆ ಯಾವತ್ತು ಗೊತ್ತಾಗಿತ್ತು? ಆರ್ಸು ಅದನ್ನ."

ನನ್ನನ್ನು ಆರಿಸಿದರು. ವಾಲ್ವು ತಣ್ಣಗಾಗಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಎಂಬತ್ನಾಲ್ಕು ವರ್ಷದ ಗಂಟಲು, ನಡುಗುತ್ತ, ಆ ಎರಡನೇ ಸಾಲನ್ನು ಹೇಳಿತು. ಕೊನೆಯ ಸ್ವರ ಜಾರಲಿಲ್ಲ. ಅದಕ್ಕೆ ನಾನು ಏನೂ ಮಾಡಬೇಕಿರಲಿಲ್ಲ.

ಮದುವೆಗೆ ನನ್ನನ್ನು ಕರೆದೊಯ್ಯಲಿಲ್ಲ. ನನಗಲ್ಲಿ ಏನು ಕೆಲಸ? ಸಂಜೆ ಎಲ್ಲರೂ ಮಲ್ಲಿಗೆಯ ವಾಸನೆಯೊಂದಿಗೆ ವಾಪಸು ಬಂದರು. ಕನಕಲಕ್ಷ್ಮಿಯವರ ಗಂಟಲು ಕಟ್ಟಿತ್ತು. ಐದೂ ನುಡಿ ಹಾಡಿದರಂತೆ, ಬೀಗರು ಇನ್ನೊಂದು ಕೇಳಿದರಂತೆ. ಸೇತುರಾಮಯ್ಯ ನನ್ನ ಹತ್ತಿರ ಬಂದು, ಮನೆಯ ಮಕ್ಕಳಿಗೆ ಹಾಕುವ ಹಾಗೆ, ತಲೆಯ ಮೇಲೆ ಅಕ್ಷತೆ ಹಾಕಿದರು.

ಈಗ ನನಗೂ ವಯಸ್ಸಾಗಿದೆ. ಒಂದು ವಾಲ್ವು ಗುಂಯ್‌ಗುಡುತ್ತದೆ, ಮೊದಲಿನ ಎರಡು ಗುಂಡಿಗಳ ಅಕ್ಷರ ಸವೆದು ಮೂರಕ್ಕೂ ಹೆಸರಿಲ್ಲದಂತಾಗಿದೆ. ಹೆಚ್ಚಿನ ದಿನ ಆರಿಯೇ ಇರುತ್ತೇನೆ. ಅವತ್ತಿನ ಅಕ್ಷತೆಯ ಒಂದು ಕಾಳು ನೆತ್ತಿಯ ಜಾಲರಿಯಿಂದ ನನ್ನೊಳಗೆ ಬಿದ್ದಿತ್ತು. ಧೂಳು ಒರೆಸಲು ಎತ್ತಿದಾಗಲೆಲ್ಲ ಉರುಳಿ ಸದ್ದು ಮಾಡುತ್ತದೆ. ಸೇತುರಾಮಯ್ಯ ಕಿವಿಗೊಟ್ಟು ಕೇಳುತ್ತಾರೆ. ಗಡಿಯಾರದವರಿಗೆ ಅದನ್ನು ತೆಗೆಯುವುದು ಎಷ್ಟರ ಕೆಲಸ? ಅವರು ತೆಗೆದಿಲ್ಲ.