ಎಡ ಮೊಣಕಾಲು

ಮೊಣಕಾಲು ಮಡಚಿತ್ತು. ಅನುಮಾನವೇ ಇಲ್ಲ.

ಗದ್ದೆಪ್ಪ ಪ್ರೊಜೆಕ್ಟರನ್ನು ಅಲ್ಲಿಗೇ ನಿಲ್ಲಿಸಿ, ಗೋಡೆಗೆ ಅಂಟಿಸಿದ ತೆಳುಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಚುಕ್ಕೆ ಇಟ್ಟ. ಸೊಂಟ, ಮೊಣಕಾಲು, ಹಿಮ್ಮಡಿ. ಗೆರೆ ಎಳೆದು ಕೋನ ಅಳೆದ. ವರ್ಷದಿಂದ ಶಿಷ್ಯೆ ದುರುಗಮ್ಮ ಎಸೆಯುವ ಭರ್ಜಿ ಯಾಕೆ ಮುಂದಕ್ಕೆ ಹೋಗುತ್ತಿಲ್ಲ ಎಂಬುದಕ್ಕೆ ಉತ್ತರ ಗೋಡೆಯ ಮೇಲಿತ್ತು.

"ಚಾ ಆರಾಕತ್ತದ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಮರಮ್ಮ.

"ನೋಡಿಲ್ಲಿ. ಓಡಿ ಬಂದ ಜೋರೆಲ್ಲಾ ಈ ಮೊಣಕಾಲಾಗ ಸೋರಿ ಹೋಗಾಕತ್ತದ."

"ನಂದೂ ಒಂದ್ಸಲ ತೆಗೀರಿ ನಿಮ್ಮ ಕ್ಯಾಮೆರಾದಾಗ."

"ನೀ ಏನ್ ಎಸಿತಿ?"

ಅಮರಮ್ಮ ನಕ್ಕಳು. ಅವನೂ ನಕ್ಕ. ಮದುವೆಯಾದಾಗಿನಿಂದ ಅವರ ನಡುವೆ ಒಂದು ಜಗಳವೂ ಆಗಿರಲಿಲ್ಲ.

ಕವಿತಾಳದ ಕೂಲಿಕಾರರ ಮನೆಯಿಂದ ಓದಿ ಮೇಲೆ ಬಂದ ಗದ್ದೆಪ್ಪ ರಾಯಚೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕ. ದೇಹವೆಂದರೆ ಸನ್ನೆಕೋಲುಗಳ ಜೋಡಣೆ ಎಂಬುದನ್ನು ಪಟಿಯಾಲಾದ ಕ್ರೀಡಾ ತರಬೇತಿಯಲ್ಲಿ ಕಲಿತು, ಹಳೆಯದೊಂದು ಫಿಲ್ಮ್ ಕ್ಯಾಮೆರಾ ಕೊಂಡು ತಂದ ಮೇಲೆ ಅವನಿಗೆ ಜಗತ್ತು ಸುಲಭವಾಗಿತ್ತು. ಅಪ್ಪನ ಹೆಣ ಹೊತ್ತವರಲ್ಲಿ ಎಡಗಡೆಯವನ ಹೆಜ್ಜೆ ಗಿಡ್ಡವಿತ್ತು, ಅದಕ್ಕೇ ಚಟ್ಟ ಓಲಾಡುತ್ತಿತ್ತು ಎಂಬುದು ಅವನಿಗೆ ಚೆನ್ನಾಗಿ ನೆನಪಿದೆ. ತಾನು ಅತ್ತೆನೋ ಇಲ್ಲವೋ ನೆನಪಿಲ್ಲ.

ದುರುಗಮ್ಮ ದೇವದುರ್ಗದವಳು. ಮಾನ್ವಿಯ ಅಕ್ಕನ ಮನೆಯಲ್ಲಿದ್ದು ದಿನಾ ಬಸ್ಸಿಗೆ ಕಾಲೇಜಿಗೆ ಬರುತ್ತಾಳೆ. ಮುಂದಿನ ವಾರ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ಅದರಲ್ಲಿ ನಿಲ್ಲದಿದ್ದರೆ ಆಟ ಸಾಕು, ಮದುವೆ ನೋಡೋಣ ಎಂದು ಅಕ್ಕನ ಗಂಡ ಹೇಳಿಯಾಗಿತ್ತು. ತೊಳೆಯಲು ಮುಂಬಯಿಗೆ ಕಳಿಸಿದ್ದ ಅವಳ ಎಸೆತದ ಫಿಲ್ಮು ಹೊತ್ತಿಗೆ ಸರಿಯಾಗಿ ಬಂದಿತ್ತು.

ಮೈದಾನದಲ್ಲಿ ಅವನು ತನ್ನ ಎಡಗಾಲನ್ನೇ ಊರಿ ತೋರಿಸಿದ.

"ಎಸಿಯೋ ಮುಂದ ಈ ಕಾಲು ಮಡಚಬ್ಯಾಡ. ಬಾಗಲಕ್ಕ ಅಗಳಿ ಹಾಕಿದಂಗ ನಿಲ್ಲಿಸು."

"ಬೀಳ್ತೀನೇನೋರಿ ಸರ."

"ಬೀಳಂಗಿಲ್ಲ. ಲೆಕ್ಕ ಹಾಕೀನಿ."

ಮೊದಲ ಸಲ ಅವಳು ಮುಗ್ಗರಿಸಿ ಬಿದ್ದಳು. ಮೊಣಕೈ ತರಚಿತು. ಮಣ್ಣು ಒರೆಸಿಕೊಂಡು ಮತ್ತೆ ಓಡಿ ಬಂದಳು. ಬಿಸಿಲು ಏರುವವರೆಗೂ ಎಸೆದಳು. ಒಂದು ಸಲ ಎಡಗಾಲು ಗೂಟ ಬಡಿದಂತೆ ನೆಲಕ್ಕೆ ನಿಂತಿತು. ಸೊಂಟ ತಿರುಗಿತು, ಹೆಗಲು ಅದರ ಹಿಂದೆ ಬಂತು. ಗೋಡೆಯ ಮೇಲಿನ ಗೆರೆಗಳು ಹೇಳಿದ ಹಾಗೆಯೇ.

"ಸರ, ನೋಡಿದ್ರೇನ್ರಿ?" ದುರುಗಮ್ಮ ಕೂಗಿದಳು.

"ನೋಡಿದೆ. ಮೊಣಕಾಲು ನೆಟ್ಟಗಿತ್ತು."

"ಮೊಣಕಾಲಲ್ರಿ. ಭರ್ಜಿ."

ಅವನು ತಲೆ ಎತ್ತಿದ. ಅವಳು ಎಂದೂ ದಾಟದ ಸುಣ್ಣದ ಗೆರೆಯಾಚೆ, ಬಹಳ ಆಚೆ, ಭರ್ಜಿ ನೆಲಕ್ಕೆ ನೆಟ್ಟು ನಿಂತಿತ್ತು. ಅದು ಹಾರಿದ್ದನ್ನು ಅವನು ನೋಡಿರಲಿಲ್ಲ.

"ಭಾಳ ಚಂದ ಹೋತು," ಎಂದ.

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ತಾನೇ ಓಡಿಹೋಗಿ ಭರ್ಜಿ ಕಿತ್ತು, ತಲೆಯ ಮೇಲೆ ಎತ್ತಿ ಹಿಡಿದು, ಖಾಲಿ ಮೈದಾನದಲ್ಲಿ ಒಬ್ಬಳೇ ನಕ್ಕಳು. ಮಧ್ಯಾಹ್ನ ಅಮರಮ್ಮ ಬಡಿಸಿದ ರೊಟ್ಟಿ ತಿಂದು, ಕೈತುಂಬ ಬಳೆ ಇಡಿಸಿಕೊಂಡು, ಮಾನ್ವಿ ಬಸ್ಸು ಹತ್ತಿದಳು.

ಸಂಜೆ ಗದ್ದೆಪ್ಪನ ಮನಸ್ಸು ತುಂಬಿತ್ತು. ತಾನಾಗಿಯೇ ಅಮರಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಕಿಟಕಿ ಮುಚ್ಚಿ, ಇಡೀ ರೀಲು ತೋರಿಸಿದ. ದುರುಗಮ್ಮ ಗೋಡೆಯ ಮೇಲೆ ಓಡಿದಳು, ಎಸೆದಳು, ಮತ್ತೆ ಓಡಿದಳು. ಅವನು ಅದುವರೆಗೆ ರೀಲಿನ ಕೊನೆಯನ್ನು ನೋಡಿರಲಿಲ್ಲ. ಬೇಕಿರಲಿಲ್ಲ.

ಕೊನೆಯಲ್ಲಿ ಯಾರೋ ಒಬ್ಬ ಬೆನ್ನು ತೋರಿಸಿ ಮೈದಾನದೊಳಕ್ಕೆ ನಡೆದುಹೋಗುತ್ತಿದ್ದ.

"ಯಾವನಿವ?" ಎಂದ ಗದ್ದೆಪ್ಪ. "ಹೆಗಲು ನೋಡು, ಕಿವಿಗೆ ಹತ್ಯಾವ. ನೆಲ ತನ್ನದಲ್ಲ ಅನ್ನೋ ಹಂಗ ಕಾಲು ಇಡಾಕತ್ತಾನ."

ಅಮರಮ್ಮ ಅವನ ಕಡೆ ತಿರುಗಿ ನೋಡಿದಳು.

"ಇಂಥವ ಏನ್ ಎಸದಾನು," ಎಂದು ಅವನು ನಕ್ಕ.

"ನೀವಽ ಅಲ್ಲೇನ್ರಿ."

ಅವನಿಗೆ ಆಗ ಹೊಳೆಯಿತು. ಫಿಲ್ಮು ತೆಗೆದ ದಿನ ಭರ್ಜಿ ತರಲು ಹೋದಾಗ ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿರಬೇಕು.

"ಮಾರೀನಽ ಕಾಣಂಗಿಲ್ಲ. ಹೆಂಗ ಗೊತ್ತಾತು?"

"ದಿನಾ ಹಿಂಗಽ ಹೋಗ್ತೀರಲ್ಲ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅವನ ಕೈಯಲ್ಲಿ ಪೆನ್ಸಿಲ್ ಇತ್ತು. ಎಲ್ಲಿ ಚುಕ್ಕೆ ಇಡಬೇಕೋ ತಿಳಿಯಲಿಲ್ಲ.

ಗೋಡೆಯ ಮೇಲಿನವನು ಸಣ್ಣವನಾಗುತ್ತ ಹೋಗಿ, ಒಂದು ಬದಿಗೆ ಸರಿದು, ಚೌಕದಿಂದ ಆಚೆ ಹೊರಟುಹೋದ. ಮೈದಾನ ಉಳಿಯಿತು. ಗಾಳಿಗೆ ಒಣಹುಲ್ಲು ಅಲುಗಿತು. ಹೋದವನು ಭರ್ಜಿ ಹಿಡಿದು ತಿರುಗಿ ಬರಲೇಬೇಕಲ್ಲ ಎಂದು ಗದ್ದೆಪ್ಪ ಮುಂದಕ್ಕೆ ಬಾಗಿ ಕಾದ. ಪ್ರೊಜೆಕ್ಟರ್ ಕಟಕಟ ಎನ್ನುತ್ತಿತ್ತು. ಗೋಡೆಯ ಮೇಲೆ ಯಾರೂ ಇಲ್ಲದ ಬಯಲು ಓಡುತ್ತಲೇ ಇತ್ತು.