ಕಡ್ಡಿಯಿಂದ ಕಡ್ಡಿಗೆ

"ಇದೇನು?" ಎಂದಳು ಫುಮಿಯೆ.

ಡಬ್ಬಿಯ ಮುಚ್ಚಳ ತೆಗೆದವಳು ಒಳಗೇ ನೋಡುತ್ತಿದ್ದಳು. ಆರ್ಲಿನ್ ಥೋರ್ಸನ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳ ಗಂಡ ಹತಾನಾಕಾನ ಬೂದಿ, ಮತ್ತೇನು? ಜಾರುವ ಹಿಮದ ರಸ್ತೆಯಲ್ಲಿ ಹಸುಗೂಸನ್ನು ತಂದಂತೆ ಈಗಷ್ಟೇ ತಂದುಕೊಟ್ಟಿದ್ದ.

"ನಾನೇ ನಿಂತು ಚಿತಾಗಾರದ ಗ್ಯಾರಿಗೆ ಹೇಳ್ದೆ, ಹಿಟ್ಟಿನ ಹಾಗೆ ನುಣ್ಣಗೆ ಮಾಡ್ಸಪ್ಪಾ ಅಂತ. ನನ್ನ ಹೆಂಡ್ತಿ ಡೋರಿಸ್‌ದು ಬೂದಿ ಹೊಲದಲ್ಲಿ ಚೆಲ್ಲುವಾಗ ಮೂಳೆ ಚೂರು ಬೆರಳಿಗೆ ಸಿಕ್ಬಿಟ್ಟಿತ್ತು. ಆಮೇಲೆ ಎಷ್ಟೋ ದಿನ ನಂಗೆ ಊಟ ಸೇರ್ಲಿಲ್ಲ. ನಿಮಗೆ ಹಾಗಾಗ್ಬಾರ್ದು ಅಂತ."

"ತುಂಬ ತೊಂದ್ರೆ ತಗೊಂಡ್ರಿ," ಎಂದಳು. ಆಗ ಅವನ ಕಣ್ಣು ಮೇಜಿನ ಮೇಲೆ ಬಿತ್ತು. ಬಿಳಿ ಬಟ್ಟೆಯ ಮೇಲೆ ಒಂದು ಖಾಲಿ ಜಾಡಿ, ಪಕ್ಕದಲ್ಲಿ ಜಪಾನೀಯರು ಊಟಕ್ಕೆ ಬಳಸುವಂಥ ಎರಡು ಜೊತೆ ಉದ್ದನೆಯ ಕಡ್ಡಿ. ಒಂದೊಂದು ಜೊತೆಯಲ್ಲೂ ಒಂದು ಬಿದಿರಿನದು, ಇನ್ನೊಂದು ಬೇರೆ ಮರದ್ದು. ಹತಾನಾಕಾ ಹಿಂದೊಮ್ಮೆ ಹೇಳಿದ ಮಾತು ಆರ್ಲಿನ್‌ಗೆ ನೆನಪಾಯಿತು.

ಜಪಾನಿನ ಸೋಯಾ ಸಾಸ್ ಕಂಪನಿ ವಿಸ್ಕಾನ್ಸಿನ್‌ನ ಈ ಜೋಳದ ಹೊಲಗಳ ನಡುವೆ ಕಾರ್ಖಾನೆ ಕಟ್ಟಲು ಬಂದಾಗ, ಅವನ ಅಪ್ಪ ಚರ್ಚಿನ ಸಭೆಯಲ್ಲಿ ಎದ್ದು ನಿಂತು, "ಅಲ್ಲಿ ಯುದ್ಧದಲ್ಲಿ ನನ್ನ ತಮ್ಮನ್ನ ಕೊಂದೋರು, ಇಲ್ಲಿ ನನ್ನ ಹೊಲ ತಿನ್ನೋಕೆ ಬಂದವ್ರೆ," ಎಂದಿದ್ದ. ಅದೇ ಅಪ್ಪನ ಮಗ ಅದೇ ಕಾರ್ಖಾನೆಯ ಅನ್ನ ತಿಂದು ಮುದುಕನಾದ. ಊರಿನ ಅರ್ಧ ಜನದ ಕಥೆಯೂ ಅಷ್ಟೇ. ಬೆಂದ ಕಾಳಿನ ವಾಸನೆ ಊರಿಗೆ ಅಂಟಿ ಎಷ್ಟು ಕಾಲವಾಯಿತೆಂದರೆ, ಈಗ ಸಾವಿನ ಮನೆಯ ಆಲೂಗಡ್ಡೆ ಹಂದಿಮಾಂಸಕ್ಕೂ ಸೋಯಾ ಸಾಸ್ ಬೀಳದಿದ್ದರೆ ಮುದುಕಿಯರು ಮೂಗು ಮುರಿಯುತ್ತಾರೆ. ಹುದುಗು ನೋಡಿಕೊಳ್ಳಲು ಸ್ವಲ್ಪ ಕಾಲಕ್ಕೆಂದು ಬಂದ ಹತಾನಾಕಾ ವಾಪಸು ಹೋಗಲೇ ಇಲ್ಲ.

ಒಮ್ಮೆ ಕಾರ್ಖಾನೆಯ ಊಟದ ಕೋಣೆಯಲ್ಲಿ, ಕಡ್ಡಿ ಹಿಡಿಯುವುದನ್ನು ಹೊಸದಾಗಿ ಕಲಿತ ಹುರುಪಿನಲ್ಲಿ ಆರ್ಲಿನ್ ಒಂದು ಕೋಳಿ ತುಂಡನ್ನು ಹತಾನಾಕಾನ ಕಡ್ಡಿಗೆ ದಾಟಿಸಲು ಹೋಗಿದ್ದ. ಹತಾನಾಕಾ ಅವನ ಕೈ ತಡೆದ.

"ಹಾಗೆ ಮಾಡ್ಬಾರ್ದು. ಕಡ್ಡಿಯಿಂದ ಕಡ್ಡಿಗೆ ಕೊಡೋದು ಹೆಣ ಸುಟ್ಟ ಮೇಲೆ, ಮೂಳೇನ, ಜಾಡಿಗೆ ತುಂಬೋವಾಗ."

"ಊಟದ ಹೊತ್ತಲ್ಲಿ ಒಳ್ಳೆ ಮಾತು ತೆಗೆದ್ರಿ," ಎಂದು ಆರ್ಲಿನ್ ನಕ್ಕಿದ್ದ.

"ನಮಗೆ ಮಕ್ಕಳಿಲ್ಲ. ನಾನು ಹೋದ್ಮೇಲೆ ಫುಮಿಯೆ ಜೊತೆ ನೀನೇ ಎತ್ಬೇಕು."

"ಆಗ್ಲಿ, ಈಗ ಕೋಳಿ ತಿನ್ನಿ," ಎಂದಿದ್ದ. ಆ ಮಾತನ್ನು ಅಲ್ಲಿಗೇ ಮರೆತಿದ್ದ.

"ಅವ್ರು ನಂಗೆ ಹೇಳಿದ್ರು," ಎಂದ ಈಗ.

"ಗೊತ್ತು. ಅವತ್ತು ಮನೆಗೆ ಬಂದು ಆರ್ಲಿನ್ ಒಪ್ಕೊಂಡ ಅಂತ ಎಷ್ಟು ಖುಷಿಪಟ್ರು." ಫುಮಿಯೆ ಡಬ್ಬಿಯ ಅಂಚನ್ನು ಬೆರಳಿನಿಂದ ಒರೆಸಿದಳು. "ಮೊನ್ನೆ ಕಂಪನಿಯೋರು ಫೋನ್ ಮಾಡಿದ್ರು. ದೇಹಾನ ಜಪಾನಿಗೆ ಕಳಿಸ್ತೀವಿ, ಅಲ್ಲಿ ನಿಮ್ಮೋರು ಎಲ್ಲಾ ಮಾಡ್ತಾರೆ ಅಂದ್ರು. ಬೇಡ, ಇಲ್ಲಿ ಆರ್ಲಿನ್ ಇದ್ದಾರೆ ಅಂದೆ."

ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಕುತ್ತಿಗೇಲಿ ಒಂದು ಮೂಳೆ ಇರತ್ತೆ," ಎಂದಳು. "ಕೂತ ಬುದ್ಧನ ಹಾಗೆ. ಅದನ್ನ ಕೊನೇಲಿ, ಎಲ್ಲದ್ರ ಮೇಲೆ ಇಡ್ಬೇಕು. ಅದು ಹೇಗಿರತ್ತೋ ನೋಡ್ಬೇಕು ಅಂತಿದ್ದೆ."

"ಗ್ಯಾರಿ ಹತ್ರ ಓಡ್ಲಾ? ಏನಾದ್ರೂ ಉಳಿದಿದ್ರೆ..."

"ನುಣ್ಣಗೆ ಮಾಡಿದಾನಲ್ಲ," ಎಂದಳು. ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಒಂದು ಜೊತೆ ಕಡ್ಡಿಯನ್ನು ಅವನ ಕಡೆ ಸರಿಸಿ, ಇನ್ನೊಂದನ್ನು ತಾನು ತೆಗೆದುಕೊಂಡಳು. ಆರ್ಲಿನ್ ಬಗ್ಗಿ, ಹತಾನಾಕಾ ಕಲಿಸಿದ ಹಾಗೆಯೇ ಬೆರಳು ಕೂಡಿಸಿ, ಬೂದಿಯನ್ನು ಹಿಡಿದೆತ್ತಿದ. ಅದು ಕಡ್ಡಿಗಳ ನಡುವಿನಿಂದ ಸೋರಿ ಮತ್ತೆ ಡಬ್ಬಿಗೇ ಬಿತ್ತು. ಇನ್ನೊಮ್ಮೆ ಎತ್ತಿದ. ಮತ್ತೆ ಬಿತ್ತು.

ಫುಮಿಯೆ ತನ್ನ ಕಡ್ಡಿಗಳನ್ನು ತುಸು ಅಗಲಿಸಿ, ಜಾಡಿಯ ಬಾಯಿಯ ಮೇಲೆ ಹಿಡಿದು ಕಾಯುತ್ತಲೇ ಇದ್ದಳು.